ವೈಯಾವೃತ್ಯದಲ್ಲಿ ಸೇವಕನ ದೇಹರಕ್ಷೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಿ ಹಿಂದಿರುಗುವ ಯಾತ್ರಿಕರಲ್ಲಿ ಕೆಲವರು ಮಾತ್ರ ಇನ್ನೂ ಸ್ವಲ್ಪ ದೂರ ನಡೆದು ಬಸ್ತಿಹಳ್ಳಿಯ ಮೂರು ಬಸದಿಗಳನ್ನು ದರ್ಶಿಸುತ್ತಾರೆ. ಅವುಗಳಲ್ಲಿ ಪಾರ್ಶ್ವನಾಥ ಬಸದಿಯು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪದೇವನು 1133ರಲ್ಲಿ ಕಟ್ಟಿಸಿದುದು. ಒಳಗಿನ ಕಂಬಗಳ ನುಣುಪನ್ನೂ ಎತ್ತರವಾದ ಜಿನಬಿಂಬವನ್ನೂ ಕಂಡು ನಾವು ಬೆರಗಾಗುತ್ತೇವೆ. ಆದರೆ ಇದೇ ದೋರಸಮುದ್ರದ ಜೈನ ಇತಿಹಾಸಕ್ಕೆ ಸೇರಿದ, ಗಾತ್ರದಲ್ಲಿ ಬಹಳ ಸಣ್ಣವಾದ ಕೆಲವು ಕಲ್ಲುಗಳೂ ಇವೆ. 1274ರಲ್ಲಿ ಬಾಲಚಂದ್ರ ಪಂಡಿತದೇವರು, 1279ರಲ್ಲಿ ಅಭಯಚಂದ್ರ ಸಿದ್ಧಾಂತಿಗಳು, 1300ರಲ್ಲಿ ರಾಮಚಂದ್ರ ಮಲಧಾರಿದೇವರು ಸಮಾಧಿವಿಧಿಯಿಂದ ದೇಹತ್ಯಾಗ ಮಾಡಿದುದನ್ನು ತಿಳಿಸುವ ನಿಷಿಧಿ ಶಾಸನಗಳು ಅವು. ಬಾಲಚಂದ್ರ ಪಂಡಿತದೇವರ ಸ್ಮಾರಕವನ್ನು ನಿಲ್ಲಿಸಿದವರು ದೋರಸಮುದ್ರದ ಭವ್ಯಜನರು, ಎಂದರೆ ಊರಿನ ಶ್ರಾವಕ ಸಮುದಾಯ.

ಇಂತಹ ಶಾಸನಗಳು ಅಗಲಿದವರ ಹೆಸರನ್ನೂ ಗುರುಪರಂಪರೆಯನ್ನೂ ತಿಥಿವಾರಗಳನ್ನೂ ಕಲ್ಲು ನಿಲ್ಲಿಸಿದವರನ್ನೂ ಹೇಳುತ್ತವೆ. ಆದರೆ ಅಶಕ್ತವಾದ ಆ ದೇಹವನ್ನು ಕೊನೆಯ ದಿನಗಳಲ್ಲಿ ಯಾರು ಎತ್ತಿ ಕೂರಿಸಿದರು, ಯಾರು ಮಗ್ಗುಲು ಬದಲಿಸಿದರು, ರಾತ್ರಿ ಯಾರು ಎಚ್ಚರವಾಗಿದ್ದರು ಎಂಬುದನ್ನು ಹೇಳುವುದಿಲ್ಲ. ಹೆಸರು ಉಳಿಯದ ಆ ಕೈಗಳ ಕೆಲಸವನ್ನೇ ನಮ್ಮ ಆಚಾರ್ಯರು ವೈಯಾವೃತ್ಯ ಎಂದು ಕರೆದರು. ಶ್ವೇತಾಂಬರ ಬಂಧುಗಳು ಬಳಸುವ ‘ವೈಯಾವಚ್ಚ’ ಎಂಬ ಮಾತೂ ಅದೇ. ಆ ಕೆಲಸವನ್ನು ಮಾಡುವವನಿಗೇ ಪೆಟ್ಟಾಗದಂತೆ ಪೂರ್ವಿಕರು ಯಾವ ಕ್ರಮವನ್ನು ಇರಿಸಿದ್ದರು, ಇಂದು ನಮ್ಮ ಮನೆಗಳಲ್ಲಿ ಆ ಕ್ರಮ ಏನಾಗಿದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಶಾಸನಗಳು ಕೊಡುವ ಸೂಚನೆ

ಬೇಲೂರಿನ ಹೆಸರಿನೊಡನೆ ಶಾಂತಲಾದೇವಿಯ ಹೆಸರು ಬೆಸೆದುಕೊಂಡಿದೆ. 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಿಸಿದಾಗ ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದ ಆಕೆಯೇ, 1123ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. 1131ರಲ್ಲಿ ಆಕೆ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತವನ್ನು ಕೈಗೊಂಡಳು. ಆ ಉಪವಾಸ ಒಂದು ತಿಂಗಳು ನಡೆಯಿತೆಂದು ಶಾಸನ ಹೇಳುತ್ತದೆ. ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಎಂಬ ಮೂವರು ಗುರುಗಳ ಮತ್ತು ಭವ್ಯಜನರ ಸನ್ನಿಧಿಯಲ್ಲಿ ಅದು ನಡೆಯಿತೆಂದೂ ಹೇಳುತ್ತದೆ. ಹೊಯ್ಸಳ ದೊರೆಯ ಅತ್ತೆಗೆ ಊಳಿಗದವರ ಕೊರತೆ ಇರಲಿಲ್ಲ. ಆದರೂ ಶಾಸನವು ಎತ್ತಿ ಹೇಳುವುದು ಊಳಿಗದವರನ್ನಲ್ಲ, ಕೂಡಿದ ಸಮೂಹವನ್ನು.

ಇದಕ್ಕಿಂತ ಸ್ವಲ್ಪ ಮೊದಲು, 1120ರ ಆಸುಪಾಸಿನಲ್ಲಿ, ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಯನ್ನೂ ಪತ್ನಿ ಲಕ್ಷ್ಮೀಮತಿಯನ್ನೂ ಇದೇ ವಿಧಿಯಲ್ಲಿ ಕಳೆದುಕೊಂಡು, ಇಬ್ಬರಿಗೂ ಬೆಳಗೊಳದಲ್ಲಿ ನಿಷಿಧಿಗಳನ್ನು ನಿಲ್ಲಿಸಿದನು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳು ಆ ಕಾಲದ ಗೃಹಸ್ಥರ ಆದರ್ಶವಾಗಿದ್ದವು. ಇವುಗಳಲ್ಲಿ ಔಷಧದಾನ ಎಂಬುದು ಬೇರು ನಾರುಗಳನ್ನು ತಂದುಕೊಟ್ಟ ಮಾತ್ರಕ್ಕೆ ಮುಗಿಯುವುದಲ್ಲ. ಔಷಧ ಕುಡಿಸುವಾಗ ತಲೆಯನ್ನು ಎತ್ತಿ ಹಿಡಿಯುವ ಕೈಯೂ ಅದರಲ್ಲಿ ಸೇರಿದೆ.

ಒಂದು ತಿಂಗಳ ಕಾಲ ಕ್ಷೀಣಿಸುತ್ತಿರುವ ದೇಹವನ್ನು ನೋಡಿಕೊಳ್ಳುವುದು ಸಾಮಾನ್ಯ ಕೆಲಸವಲ್ಲ. ಮೊದಲ ದಿನಗಳಲ್ಲಿ ತಾನೇ ಎದ್ದು ಕೂರುವವರು ಆಮೇಲೆ ಕೈಯಾಸರೆ ಬೇಡುತ್ತಾರೆ, ಕೊನೆಗೆ ಮಗ್ಗುಲು ತಿರುಗಲೂ ಆಗದ ಸ್ಥಿತಿಗೆ ಬರುತ್ತಾರೆ. ಇದನ್ನು ಹೇಗೆ ನಿಭಾಯಿಸುತ್ತಿದ್ದರು ಎಂಬುದಕ್ಕೆ ಉತ್ತರ ಕಲ್ಲಿನಲ್ಲಿ ಇಲ್ಲ, ಗ್ರಂಥದಲ್ಲಿ ಇದೆ.

ನಲವತ್ತೆಂಟು ನಿರ್ಯಾಪಕರು

ಶಿವಾರ್ಯರು ಪ್ರಾಕೃತದಲ್ಲಿ ರಚಿಸಿದ ಭಗವತೀ ಆರಾಧನೆಯು ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಆ ಗ್ರಂಥದ ಗಾಹೆಗಳನ್ನು ಆಶ್ರಯಿಸಿಯೇ ಬೆಳೆದವು. ಕಥೆಗಳನ್ನು ನಾವು ಓದಿದ್ದೇವೆ, ಆದರೆ ಮೂಲಗ್ರಂಥವು ಸೇವೆಯ ವ್ಯವಸ್ಥೆಯ ಬಗ್ಗೆ ಹೇಳುವ ಭಾಗವನ್ನು ಅಷ್ಟಾಗಿ ಗಮನಿಸಿಲ್ಲ.

ಪಂಡಿತಮರಣದಲ್ಲಿ ಮೂರು ಬಗೆಗಳನ್ನು ಶಾಸ್ತ್ರ ಹೇಳುತ್ತದೆ. ಪ್ರಾಯೋಪಗಮನದಲ್ಲಿ ಸಾಧಕನು ತನ್ನ ಸೇವೆಯನ್ನು ತಾನೂ ಮಾಡಿಕೊಳ್ಳುವುದಿಲ್ಲ, ಇತರರಿಂದಲೂ ಮಾಡಿಸಿಕೊಳ್ಳುವುದಿಲ್ಲ. ಇಂಗಿನಿಯಲ್ಲಿ ತಾನು ಮಾತ್ರ ಮಾಡಿಕೊಳ್ಳುತ್ತಾನೆ. ಭಕ್ತಪ್ರತ್ಯಾಖ್ಯಾನದಲ್ಲಿ ತಾನೂ ಮಾಡಿಕೊಳ್ಳಬಹುದು, ಇತರರ ಸೇವೆಯನ್ನೂ ಪಡೆಯಬಹುದು. ದೇಹಶಕ್ತಿ ಕುಂದಿದ ಈ ಕಾಲಕ್ಕೆ ತಕ್ಕದ್ದು ಮೂರನೆಯದೇ ಎಂಬುದು ಆಚಾರ್ಯರ ಅಭಿಪ್ರಾಯ. ಅದರ ಗರಿಷ್ಠ ಅವಧಿ ಹನ್ನೆರಡು ವರ್ಷ. ಇಷ್ಟು ದೀರ್ಘವಾಗಬಹುದಾದ ಸೇವೆಯನ್ನು ಯಾರೋ ಒಬ್ಬರ ಭಕ್ತಿಗೆ ಬಿಟ್ಟುಬಿಡಲು ಅವರು ಸಿದ್ಧರಿರಲಿಲ್ಲ.

ಆದುದರಿಂದ ಅವರು ನಲವತ್ತೆಂಟು ಮಂದಿ ಸಹಾಯಕ ಮುನಿಗಳನ್ನು ಹೇಳಿದರು. ಇವರೇ ನಿರ್ಯಾಪಕರು. ಸಲ್ಲೇಖನದಲ್ಲಿರುವ ಮುನಿ ಕ್ಷಪಕ. ನಲವತ್ತೆಂಟು ಮಂದಿಯನ್ನು ನಾಲ್ಕು ನಾಲ್ವರಂತೆ ಹನ್ನೆರಡು ಕೆಲಸಗಳಿಗೆ ಹಂಚಲಾಗಿದೆ. ನಾಲ್ವರು ಕ್ಷಪಕನ ದೇಹವನ್ನು ಎಬ್ಬಿಸುವುದು, ಕೂರಿಸುವುದು, ಮಲಗಿಸುವುದು, ಮಗ್ಗುಲು ಬದಲಿಸುವುದು ಮುಂತಾದುದನ್ನು ಮಾಡಬೇಕು. ನಾಲ್ವರು ಧರ್ಮಕಥೆಯನ್ನು ಹೇಳಬೇಕು. ನಾಲ್ವರು ಆಹಾರವನ್ನು, ನಾಲ್ವರು ಪಾನವನ್ನು ಒದಗಿಸಬೇಕು. ನಾಲ್ವರು ಅವುಗಳನ್ನು ಕಾಯಬೇಕು. ನಾಲ್ವರು ಮಲಮೂತ್ರಗಳನ್ನು ತೆಗೆದು ಶುಚಿ ಮಾಡಬೇಕು. ನಾಲ್ವರು ವಸತಿಯ ಬಾಗಿಲಲ್ಲಿ, ನಾಲ್ವರು ಧರ್ಮಶ್ರವಣ ಮಂಟಪದ ಬಾಗಿಲಲ್ಲಿ ಇರಬೇಕು. ನಾಲ್ವರು ರಾತ್ರಿ ಎಚ್ಚರವಿರಬೇಕು. ನಾಲ್ವರು ನಾಡಿನ ಆಗುಹೋಗುಗಳನ್ನು ಗಮನಿಸಬೇಕು. ನಾಲ್ವರು ಹೊರಗೆ ನೆರೆದ ಜನರಿಗೆ ಕಥೆ ಹೇಳಬೇಕು. ಉಳಿದ ನಾಲ್ವರು ವಾದಕ್ಕೆ ಬಂದವರಿಗೆ ಉತ್ತರ ಕೊಡಬೇಕು.

ಈ ಪಟ್ಟಿಯನ್ನು ಒಬ್ಬ ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಮೂರು ಸಂಗತಿಗಳು ಎದ್ದು ಕಾಣುತ್ತವೆ. ದೇಹವನ್ನು ಎತ್ತುವವರೂ ಮಲಮೂತ್ರ ತೆಗೆಯುವವರೂ ಬೇರೆ ಬೇರೆ. ಹಗಲು ಎತ್ತಿದವರೇ ರಾತ್ರಿ ಎಚ್ಚರವಿರಬೇಕಾಗಿಲ್ಲ. ಬಂದವರೊಡನೆ ಮಾತಾಡುವ ಭಾರ ಸೇವೆಯಲ್ಲಿರುವವರ ಮೇಲೆ ಬೀಳುವುದಿಲ್ಲ. ರೋಗಿಯಿರುವ ಮನೆಯಲ್ಲಿ ನೋಡಲು ಬಂದವರಿಗೆ ಕಾಫಿ ಕೊಟ್ಟು, ಅದೇ ಕಥೆಯನ್ನು ಹತ್ತು ಬಾರಿ ಹೇಳಿ ದಣಿದವರಿಗೆ ಈ ಮೂರನೆಯ ವ್ಯವಸ್ಥೆಯ ಬೆಲೆ ತಿಳಿದೀತು.

ಹಾಸಿಗೆಯ ವಿಷಯದಲ್ಲಿಯೂ ಗ್ರಂಥವು ಇಷ್ಟೇ ಸೂಕ್ಷ್ಮವಾಗಿದೆ. ನೆಲ, ಕಲ್ಲು, ಹಲಗೆ, ಹುಲ್ಲು ಎಂದು ನಾಲ್ಕು ಬಗೆಯ ಸಂಸ್ತರಗಳಿವೆ. ನೆಲವಾದರೆ ಸಮತಟ್ಟಾಗಿರಬೇಕು, ಬಿಲಗಳಿರಬಾರದು. ಹಲಗೆಯಾದರೆ ನೆಲಕ್ಕೆ ಒತ್ತಿ ನಿಲ್ಲಬೇಕು, ಅಲುಗಬಾರದು, ಎತ್ತಿಡಲು ಹಗುರವಾಗಿರಬೇಕು. ಇದು ಜೀವರಕ್ಷಣೆಯ ನಿಯಮ. ಕ್ಷಪಕನಿಗೂ, ಕೆಳಗಿರುವ ಕ್ರಿಮಿಕೀಟಗಳಿಗೂ, ಎತ್ತುವವನಿಗೂ ಒಟ್ಟಿಗೆ ರಕ್ಷೆಯಾಗುವಂತೆ ಅದು ರೂಪುಗೊಂಡಿದೆ.

ಒಬ್ಬನೇ ಏಕೆ ಕೂಡದು

ಎಲ್ಲ ಕಾಲದಲ್ಲಿಯೂ ನಲವತ್ತೆಂಟು ಮಂದಿ ಸಿಗುವುದಿಲ್ಲವೆಂಬುದು ಶಿವಾರ್ಯರಿಗೆ ಗೊತ್ತಿತ್ತು. ಕಾಲ ಕೆಟ್ಟಂತೆ ನಲವತ್ತನಾಲ್ಕು, ನಲವತ್ತು ಎಂದು ನಾಲ್ಕು ನಾಲ್ಕು ಕಡಿಮೆ ಮಾಡುತ್ತ ನಾಲ್ವರವರೆಗೆ ಇಳಿಯಬಹುದು ಎಂದರು. ಅತ್ಯಂತ ಕಷ್ಟಕಾಲದಲ್ಲಿ ಇಬ್ಬರಾದರೂ ಸಾಕು ಎಂದರು. ಅಲ್ಲಿಗೆ ನಿಲ್ಲಿಸಿದರು. ಒಬ್ಬನೇ ನಿರ್ಯಾಪಕನಿರುವುದನ್ನು ಅವರು ಯಾವ ಕಾಲದಲ್ಲಿಯೂ ಒಪ್ಪಲಿಲ್ಲ.

ಅದಕ್ಕೆ ಅವರು ಕೊಡುವ ಕಾರಣ ಮನನೀಯವಾದುದು. ಒಬ್ಬನೇ ಇದ್ದರೆ ಅವನು ತನ್ನನ್ನೂ ಕ್ಷಪಕನನ್ನೂ ಪ್ರವಚನವನ್ನೂ, ಎಂದರೆ ಧರ್ಮವನ್ನೂ, ಒಟ್ಟಿಗೆ ಕೈಬಿಟ್ಟಂತಾಗುತ್ತದೆ. ಅವನು ಭಿಕ್ಷೆಗೆ ಹೋದರೆ ಕ್ಷಪಕನು ಆಸರೆಯಿಲ್ಲದೆ ಬೀಳುತ್ತಾನೆ. ಹೋಗದೆ ಉಳಿದರೆ ತಾನೇ ಹಸಿವು ನಿದ್ದೆಗಳಿಂದ ಕುಗ್ಗುತ್ತಾನೆ. ಎರಡರಲ್ಲಿ ಯಾವುದಾದರೂ ಕ್ಷಪಕನ ಸಮಾಧಿ ಕೆಡುತ್ತದೆ, ಧರ್ಮಕ್ಕೆ ಅಪವಾದ ಬರುತ್ತದೆ.

ಇಲ್ಲಿ ‘ತನ್ನನ್ನು’ ಎಂಬ ಮಾತು ಮೊದಲು ಬರುವುದನ್ನು ಗಮನಿಸಬೇಕು. ಸೇವಕನ ದೇಹವು ಕೆಡುವುದನ್ನು ಆಚಾರ್ಯರು ತ್ಯಾಗವೆಂದು ಹೊಗಳಲಿಲ್ಲ, ದೋಷಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇರಿಸಿದರು.

ನಿರ್ವಿಚಿಕಿತ್ಸಾ ಅಂಗಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸುವ ಉದ್ದಾಯನ ಮಹಾರಾಜನ ಕಥೆ ನಮಗೆಲ್ಲ ಪರಿಚಿತ. ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ವಾಂತಿ ಮಾಡುತ್ತಾನೆ, ದುರ್ಗಂಧಕ್ಕೆ ಪರಿವಾರದವರು ಓಡಿಹೋಗುತ್ತಾರೆ, ರಾಜನು ಹೇಸದೆ ಮುನಿಯ ಮೈ ತೊಳೆಯುತ್ತಾನೆ. ಪುರಾಣಶ್ರವಣದಲ್ಲಿ ನಾವು ರಾಜನ ಅಸಹ್ಯಪಡದ ಗುಣವನ್ನೇ ಕೊಂಡಾಡುತ್ತೇವೆ. ಆದರೆ ಅಲ್ಲಿ ರಾಣಿ ಪ್ರಭಾವತಿಯೂ ಅವನ ಪಕ್ಕದಲ್ಲಿಯೇ ಇದ್ದಳು. ಕಥೆಯಲ್ಲಿಯೂ ಕೈಗಳು ಎರಡಲ್ಲ, ನಾಲ್ಕು.

ದೇಹದಂಡನೆಯೇ ಸೇವೆಯೇ?

ಇಲ್ಲೊಂದು ಆಕ್ಷೇಪ ಬರಬಹುದು. ವೈಯಾವೃತ್ಯವು ತಪಸ್ಸಲ್ಲವೇ? ತಪಸ್ಸೆಂದ ಮೇಲೆ ಬೆನ್ನುನೋವು, ಸೊಂಟನೋವುಗಳನ್ನು ಸಹಿಸಿಕೊಳ್ಳುವುದೇ ಪುಣ್ಯವಲ್ಲವೇ? ನಮ್ಮ ಮನೆಗಳ ಹೆಣ್ಣುಮಕ್ಕಳು ನೋವನ್ನು ಹೇಳಿಕೊಳ್ಳದೆ ನುಂಗುವುದಕ್ಕೆ ಈ ತಿಳುವಳಿಕೆಯೂ ಒಂದು ಕಾರಣ. ಇದಕ್ಕೆ ಶಾಸ್ತ್ರದಿಂದಲೇ ಸಮಾಧಾನ ಹೇಳಬಹುದು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ತಪಸ್ಸನ್ನು ಬಾಹ್ಯ, ಅಭ್ಯಂತರ ಎಂದು ಆರಾರಾಗಿ ವಿಂಗಡಿಸಿದ್ದಾರೆ. ದೇಹಕ್ಕೆ ಕಷ್ಟ ಕೊಡುವ ಕಾಯಕ್ಲೇಶವು ಬಾಹ್ಯತಪಸ್ಸಿನಲ್ಲಿ ಬರುತ್ತದೆ. ವೈಯಾವೃತ್ಯವು ಅಲ್ಲಿಲ್ಲ. ಅದು ಪ್ರಾಯಶ್ಚಿತ್ತ, ವಿನಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳ ಜೊತೆಗೆ ಅಭ್ಯಂತರ ತಪಸ್ಸಿನಲ್ಲಿ ಬರುತ್ತದೆ. ಎರಡನ್ನೂ ಒಂದೇ ಎಂದು ಭಾವಿಸಿದ್ದರೆ ಸೂತ್ರಕಾರರು ಬೇರೆ ಬೇರೆ ಕಡೆ ಇಡುತ್ತಿರಲಿಲ್ಲ. ಸೇವೆಯನ್ನು ಅಳೆಯುವ ಕೋಲು ಮನಸ್ಸಿನ ನಿರ್ಮಲತೆಯೇ ಹೊರತು ಬೆನ್ನಿನ ನೋವಲ್ಲ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿಯೂ ವೈಯಾವೃತ್ಯಕರಣವು ಪ್ರತ್ಯೇಕವಾಗಿ ಬರುತ್ತದೆ. ಅದೇ ಪಟ್ಟಿಯಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ಕಟ್ಟಳೆಯನ್ನು ಹಾಕಲಾಗಿದೆ.

ಅದೂ ಅಲ್ಲದೆ, ಪ್ರಮಾದದಿಂದ ಪ್ರಾಣಗಳಿಗೆ ಘಾಸಿ ಮಾಡುವುದೇ ಹಿಂಸೆಯೆಂಬುದು ನಮ್ಮ ಸಿದ್ಧಾಂತ. ಆ ಪ್ರಾಣಗಳು ಪರರವೇ ಆಗಬೇಕೆಂಬ ನಿಯಮವಿಲ್ಲ. ಸ್ವಹಿಂಸೆಯೂ ಹಿಂಸೆಯೇ. ಹೊತ್ತಿಗೆ ಮುಂಚೆ ದೀಪ ಹಚ್ಚಿ ಹುಳುಗಳು ಬೀಳಬಾರದೆಂದು ಎಚ್ಚರ ವಹಿಸುವ ನಾವು, ಸೇವೆ ಮಾಡುವ ಸೊಸೆಯ ಬೆನ್ನೆಲುಬೂ ಪಂಚೇಂದ್ರಿಯ ಜೀವದ್ದೆಂಬುದನ್ನು ಮರೆಯುವುದು ಯಾವ ನ್ಯಾಯ?

ಮಂಡಿಯ ಲೆಕ್ಕ, ಮನೆಯ ಲೆಕ್ಕ

ಅರಸೀಕೆರೆ ಎಂದೊಡನೆ ಕೊಬ್ಬರಿ ಮಂಡಿಯ ನೆನಪಾಗುತ್ತದೆ. ಮಂಡಿಯಲ್ಲಿ ಅನುಭವಿಯಾದ ಯಾವ ಹಮಾಲಿಯೂ ಭಾರದ ಮೂಟೆಯನ್ನು ನೆಲದಿಂದ ತಾನೊಬ್ಬನೇ ಎತ್ತಿ ಬೆನ್ನಿಗೇರಿಸಿಕೊಳ್ಳುವುದಿಲ್ಲ. ಇಬ್ಬರು ಎತ್ತಿಕೊಡುತ್ತಾರೆ, ಮೂರನೆಯವನು ಮೊಣಕಾಲು ಬಗ್ಗಿಸಿ ಬೆನ್ನು ಕೊಡುತ್ತಾನೆ. ಒಂದು ಕಾಲಕ್ಕೆ ನೂರು ಕಿಲೋ ಚೀಲಗಳು ಸಾಮಾನ್ಯವಾಗಿದ್ದವು. ಕ್ರಮೇಣ ಐವತ್ತು ಕಿಲೋ ಚೀಲಗಳು ಬಳಕೆಗೆ ಬಂದವು. ಇದರ ಹಿಂದೆ ಕಾರ್ಮಿಕರ ದೇಹರಕ್ಷೆಯ ವಿಚಾರವೂ ಇದೆ. 1948ರ ಕಾರ್ಖಾನೆ ಕಾಯ್ದೆಯ 34ನೆಯ ಕಲಮು, ಪೆಟ್ಟಾಗಬಹುದಾದಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದೆಂದು ವಿಧಿಸಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ವಯಸ್ಕ ಪುರುಷನು ಹೊರುವ ಭಾರಕ್ಕೆ 55 ಕಿಲೋ ಮಿತಿಯನ್ನು ಶಿಫಾರಸು ಮಾಡಿತು.

ಇದು ಮೂಟೆಯ ಲೆಕ್ಕ. ಮನುಷ್ಯನ ಲೆಕ್ಕ ಬೇರೆ. ಮೂಟೆ ಹೊರಳಾಡುವುದಿಲ್ಲ, ಹೆದರಿ ಕೊರಳಿಗೆ ಜೋತುಬೀಳುವುದಿಲ್ಲ, ನಡುವೆ ಕಾಲು ಸೋತು ಕುಸಿಯುವುದಿಲ್ಲ. ರೋಗಿಯ ದೇಹದಲ್ಲಿ ಇವೆಲ್ಲ ಸಂಭವಿಸುತ್ತವೆ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಈ ವಿಷಯವನ್ನು ಲೆಕ್ಕಹಾಕಿ, ರೋಗಿಯನ್ನು ಎತ್ತುವಾಗ ಒಬ್ಬರ ಕೈಗೆ ಬೀಳುವ ಭಾರವು ಅನುಕೂಲ ಪರಿಸ್ಥಿತಿಯಲ್ಲಿಯೂ 35 ಪೌಂಡು, ಎಂದರೆ ಸುಮಾರು 16 ಕಿಲೋ, ಮೀರಬಾರದೆಂದು ಹೇಳಿದರು. ಅದನ್ನು ಮೀರಿದರೆ ಸಾಧನಗಳ ನೆರವು ಬೇಕು. ಅರವತ್ತು ಕಿಲೋ ತೂಗುವ ತಂದೆಯವರನ್ನು ಒಬ್ಬರೇ ಎತ್ತುವಾಗ ಆ ಮಿತಿಯ ಸುಮಾರು ನಾಲ್ಕರಷ್ಟು ಭಾರ ಬೆನ್ನಿನ ಮೇಲೆ ಬೀಳುತ್ತದೆ. ಇಬ್ಬರು ಹಂಚಿಕೊಂಡರೂ ಮಿತಿ ಮೀರಿಯೇ ಇರುತ್ತದೆ. ಆದುದರಿಂದ ಪೂರ್ತಿ ಎತ್ತುವುದನ್ನೇ ಆದಷ್ಟು ತಪ್ಪಿಸಿ, ಸರಿಸುವ, ಹೊರಳಿಸುವ, ರೋಗಿಯ ಸ್ವಂತ ಬಲವನ್ನು ಬಳಸುವ ದಾರಿಗಳನ್ನು ಹುಡುಕಬೇಕು. ಬ್ರಿಟನ್ನಿನಲ್ಲಿ 1992ರಲ್ಲಿ ಬಂದ ನಿಯಮಗಳ ಸಾರವೂ ಇದೇ: ಅಪಾಯದ ಎತ್ತುವಿಕೆಯನ್ನು ಸಾಧ್ಯವಾದರೆ ತಪ್ಪಿಸು, ಆಗದಿದ್ದರೆ ಮೊದಲೇ ಅಂದಾಜು ಮಾಡು, ಅಪಾಯವನ್ನು ತಗ್ಗಿಸು.

ಬೆನ್ನಿಗೇ ಪೆಟ್ಟು ಬೀಳುವುದೇಕೆ ಎಂಬುದನ್ನು ಗುಂಡು ಸರಿಸುವ ಕೋಲಿನ ತಕ್ಕಡಿಯನ್ನು ಬಳಸಿದವರು ಸುಲಭವಾಗಿ ತಿಳಿಯಬಲ್ಲರು. ಕೋಲಿನ ತುದಿಗೆ ಸರಿದಷ್ಟೂ ಸಣ್ಣ ಗುಂಡು ದೊಡ್ಡ ಭಾರಕ್ಕೆ ಸಮನಾಗುತ್ತದೆ. ಹಾಗೆಯೇ ಭಾರವನ್ನು ಮೈಯಿಂದ ದೂರ ಹಿಡಿದಷ್ಟೂ, ಸೊಂಟ ಬಗ್ಗಿಸಿದಷ್ಟೂ, ಬೆನ್ನಿನ ಸ್ನಾಯುಗಳು ಹಲವು ಪಟ್ಟು ಬಲದಿಂದ ಎಳೆಯಬೇಕಾಗುತ್ತದೆ. ಆ ಒತ್ತಡವೆಲ್ಲ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಗಳ ಮೇಲೆ ಬೀಳುತ್ತದೆ. ಬಗ್ಗಿದ ಸ್ಥಿತಿಯಲ್ಲಿಯೇ ಸೊಂಟ ತಿರುಗಿಸಿದರೆ ಅಪಾಯ ಇನ್ನೂ ಹೆಚ್ಚು.

ಐದು ಸಮಿತಿಗಳ ಬೆಳಕಿನಲ್ಲಿ

ಸಮಿತಿಗಳು ಮುನಿಧರ್ಮಕ್ಕೆ ಸೇರಿದವು. ಆದರೂ ಜೀವರಕ್ಷಣೆಯೇ ಅವುಗಳ ತಿರುಳಾದುದರಿಂದ ರೋಗಿಯ ಕೋಣೆಯಲ್ಲಿ ಗೃಹಸ್ಥನಿಗೂ ಅವು ದಾರಿ ತೋರಬಲ್ಲವು.

ಈರ್ಯಾಸಮಿತಿ ನೋಡಿ ನಡೆಯುವುದು. ರೋಗಿಯನ್ನು ಎಬ್ಬಿಸುವ ಮೊದಲು ದಾರಿಯನ್ನು ನೋಡಬೇಕು. ಒದ್ದೆ ನೆಲ, ಮಡಿಸಿಕೊಂಡ ಚಾಪೆ, ಸಡಿಲವಾದ ಕಾಲೊರಸು, ಮಂದ ಬೆಳಕು ಇವು ಇಬ್ಬರನ್ನೂ ಒಟ್ಟಿಗೆ ಬೀಳಿಸುತ್ತವೆ. ಬಚ್ಚಲಿನಲ್ಲಿ ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕೆಯೂ ಜಾರದ ನೆಲವೂ ಇರಬೇಕು. ಹೊಸ್ತಿಲು ಎತ್ತರವಾಗಿರುವ ಹಳೆಯ ಮನೆಗಳಲ್ಲಿ ವಿಶೇಷ ಎಚ್ಚರ ಬೇಕು.

ಭಾಷಾಸಮಿತಿ ಹಿತಮಿತವಾದ ಮಾತು. ಏನು ಮಾಡಲಿದ್ದೇವೆಂದು ರೋಗಿಗೆ ಮೊದಲೇ ತಿಳಿಸಬೇಕು. ‘ಅಮ್ಮಾ, ಈಗ ಬಲಕ್ಕೆ ತಿರುಗಿಸುತ್ತೇವೆ, ಮೊಣಕಾಲು ಮಡಿಸಿಕೊಳ್ಳಿ’ ಎಂದು ಹೇಳಿದರೆ ಅವರಲ್ಲಿ ಉಳಿದಿರುವ ಬಲ ನಮ್ಮ ಜೊತೆ ಸೇರುತ್ತದೆ. ಹೇಳದೆ ಎಳೆದರೆ ಅದೇ ಬಲ ಹೆದರಿಕೆಯಿಂದ ನಮ್ಮ ವಿರುದ್ಧ ತಿರುಗುತ್ತದೆ. ಇಬ್ಬರು ಎತ್ತುವಾಗ ಒಬ್ಬರು ಮಾತ್ರ ಎಣಿಕೆ ಹೇಳಬೇಕು.

ಏಷಣಾಸಮಿತಿ ಆಹಾರದ ಎಚ್ಚರ. ಮಲಗಿದವರ ಬಾಯಿಗೆ ನೀರು ಹೊಯ್ಯಬಾರದು. ದಿಂಬುಗಳ ಆಸರೆಯಲ್ಲಿ ನೆಟ್ಟಗೆ ಕೂರಿಸಿ ಸಣ್ಣ ತುತ್ತುಗಳನ್ನು ಕೊಡಬೇಕು. ಆಹಾರ ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ತಿನ್ನಿಸುವವರೂ ಬಗ್ಗಿ ನಿಲ್ಲದೆ ಎದುರಿಗೆ ಕುಳಿತು ತಿನ್ನಿಸಬೇಕು.

ಆದಾನನಿಕ್ಷೇಪಣಸಮಿತಿ ಎಂದರೆ ಎತ್ತುವುದರಲ್ಲಿ, ಇಡುವುದರಲ್ಲಿ ಎಚ್ಚರ. ಪಿಂಛಿ, ಕಮಂಡಲು, ಶಾಸ್ತ್ರಗಳನ್ನು ಎತ್ತಿಡುವ ಮುನಿಗೆ ಹೇಳಿದ ಮಾತು ಮನುಷ್ಯದೇಹವನ್ನು ಎತ್ತುವವನಿಗೆ ಇನ್ನೂ ಹೆಚ್ಚಾಗಿ ಒಪ್ಪುತ್ತದೆ. ಪಾದಗಳನ್ನು ಅಗಲಿಸಿ ನಿಲ್ಲಬೇಕು. ಸೊಂಟವನ್ನಲ್ಲ, ಮೊಣಕಾಲನ್ನು ಬಗ್ಗಿಸಬೇಕು. ಭಾರವನ್ನು ಮೈಗೆ ಹತ್ತಿರ ಹಿಡಿಯಬೇಕು. ತಿರುಗಬೇಕಾದಾಗ ಪಾದ ಸರಿಸಿ ತಿರುಗಬೇಕು. ರೋಗಿಯ ಕಂಕುಳಿಗೆ ಕೈಹಾಕಿ ಎಳೆಯಬಾರದು, ಅವರ ಭುಜದ ಕೀಲು ತಪ್ಪುವ ಭಯವಿದೆ. ಅವರು ನಮ್ಮ ಕುತ್ತಿಗೆಗೆ ಕೈಹಾಕಿ ಜೋಲುವಂತೆ ಬಿಡಬಾರದು. ಭುಜದಿಂದ ತೊಡೆಯವರೆಗೆ ಬರುವಂತೆ ಗಟ್ಟಿಯಾದ ದುಪ್ಪಟಿಯನ್ನು ಮಡಿಸಿ ಕೆಳಗೆ ಹಾಸಿದ್ದರೆ, ಎರಡು ಬದಿಯಲ್ಲಿ ಇಬ್ಬರು ನಿಂತು ಅದನ್ನು ಹಿಡಿದು ರೋಗಿಯನ್ನು ಮೇಲಕ್ಕೆ ಸರಿಸಬಹುದು. ಮಂಚವು ಸೇವಕರ ಸೊಂಟದ ಮಟ್ಟಕ್ಕಿದ್ದರೆ ಬಗ್ಗುವುದು ತಪ್ಪುತ್ತದೆ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಒತ್ತುಹುಣ್ಣು ಬರುತ್ತದೆ. ಹಗಲಿರುಳು ಇದನ್ನು ಒಬ್ಬರೇ ಮಾಡುವುದು ಅಸಾಧ್ಯವೆಂಬುದು ಲೆಕ್ಕದಿಂದಲೇ ತಿಳಿಯುತ್ತದೆ.

ನಡೆಯುತ್ತಿರುವ ರೋಗಿ ಕುಸಿಯತೊಡಗಿದರೆ ಪೂರ್ತಿ ಭಾರವನ್ನು ತಡೆದು ನಿಲ್ಲಿಸಲು ಹೋಗಬಾರದು. ಹಿಂದಿನಿಂದ ಮೈಗೆ ಒರಗಿಸಿಕೊಂಡು, ತಲೆಗೆ ಪೆಟ್ಟಾಗದಂತೆ ನಿಧಾನವಾಗಿ ನೆಲಕ್ಕೆ ಇಳಿಸಬೇಕು. ತಕ್ಷಣ ಎತ್ತಬಾರದು. ನೋವು, ಮೂಳೆ ಮುರಿತಗಳ ಲಕ್ಷಣ ನೋಡಿ ಇನ್ನೊಬ್ಬರನ್ನು ಕರೆದೇ ಎಬ್ಬಿಸಬೇಕು. ಮುರಿತದ ಸಂಶಯವಿದ್ದರೆ ಅಲುಗಿಸದೆ ವೈದ್ಯರ ನೆರವು ಪಡೆಯಬೇಕು.

ಉತ್ಸರ್ಗಸಮಿತಿ ಮಲಮೂತ್ರಗಳ ವಿಲೇವಾರಿಯ ಎಚ್ಚರ. ಅನೇಕ ಜಾರಾಟಗಳು ನಡೆಯುವುದು ಶೌಚಕ್ಕೆ ಅವಸರದಿಂದ ಹೋಗುವಾಗ. ರೋಗಿ ಕೇಳುವವರೆಗೆ ಕಾಯದೆ ಹೊತ್ತು ಹೊತ್ತಿಗೆ ತಾವೇ ವಿಚಾರಿಸಿದರೆ ಅವಸರ ತಪ್ಪುತ್ತದೆ. ಕೈಗವಸು ಧರಿಸುವುದು, ಆಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಬಿದ್ದ ನೀರನ್ನು ಆಗಲೇ ಒರಸುವುದು ಸೇವಕನ ರಕ್ಷೆಗೂ ಅಗತ್ಯ.

ಸೇವೆ ಮಾಡುವವರಿಗೆ ಬೆನ್ನುನೋವು ಕಾಲಿಗೆ ಇಳಿದರೆ, ಕಾಲು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಎಣ್ಣೆ ತಿಕ್ಕಿಕೊಂಡು ಸುಮ್ಮನಿರದೆ ವೈದ್ಯರನ್ನು ಕಾಣಬೇಕು. ರೋಗಿಯನ್ನು ಎಬ್ಬಿಸುವ, ಕೂರಿಸುವ ಕ್ರಮವನ್ನು ಭೌತಚಿಕಿತ್ಸಕರಿಂದ ಒಂದು ಬಾರಿ ಕಣ್ಣಾರೆ ನೋಡಿ ಕಲಿಯುವುದು ನೂರು ಉಪದೇಶಗಳಿಗಿಂತ ಮೇಲು.

ಬಸದಿಯ ಆಡಳಿತ ಮಂಡಳಿಗಳಿಗೆ ವಿಜ್ಞಾಪನೆ

ಇಂದು ನಮ್ಮ ಊರುಗಳ ಸ್ಥಿತಿ ಏನು? ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿದ್ದಾರೆ. ಮನೆಯಲ್ಲಿ ಎಪ್ಪತ್ತೈದರ ಗಂಡ, ಎಪ್ಪತ್ತರ ಹೆಂಡತಿ. ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರೇ ನಲವತ್ತೆಂಟು ನಿರ್ಯಾಪಕರು. ಕೂಡುಕುಟುಂಬ ಉಳಿದಿರುವ ಕಡೆಯಲ್ಲಿಯೂ ಸೇವೆಯ ಭಾರ ಒಬ್ಬ ಸೊಸೆಯ ಮೇಲೆಯೋ ಮದುವೆಯಾಗದ ಮಗಳ ಮೇಲೆಯೋ ಬೀಳುತ್ತದೆ. ಉಳಿದವರು ಅವರ ಪುಣ್ಯವನ್ನು ಹೊಗಳುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯು ತಂದೆತಾಯಿಯರನ್ನು ಪೋಷಿಸುವ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿದೆ, ಅದು ಸರಿ. ಆದರೆ ಹಣ ಕಳುಹಿಸಿದ ಮಾತ್ರಕ್ಕೆ ಮಗ್ಗುಲು ತಿರುಗುವುದಿಲ್ಲ. ಅತ್ಯಂತ ಕೆಟ್ಟ ಕಾಲಕ್ಕೂ ಇಬ್ಬರಿರಬೇಕೆಂದು ಶಿವಾರ್ಯರು ಹಾಕಿದ ಗೆರೆಯನ್ನು ನಾವು ದಾಟಿ ಕೆಳಗಿಳಿದಿದ್ದೇವೆ.

ಅರಸೀಕೆರೆಯ ಸಹಸ್ರಕೂಟ ಜಿನಾಲಯವನ್ನು 1220ರಲ್ಲಿ ಕಟ್ಟಿಸಿದ ದಂಡನಾಯಕ ರೇಚರಸನಿಗೆ ‘ವಸುಧೈಕಬಾಂಧವ’ ಎಂಬ ಬಿರುದಿತ್ತು. ಭೂಮಿಗೆಲ್ಲ ಒಬ್ಬನೇ ನೆಂಟ ಎಂದು ಅದರ ಅರ್ಥ. ಹೊಯ್ಸಳರ ಕಾಲದ ಜೈನ ದಾನಶಾಸನಗಳಲ್ಲಿ ದೇವರ ಪೂಜೆ, ಬಸದಿಯ ಜೀರ್ಣೋದ್ಧಾರಗಳ ಜೊತೆಗೆ ಆಹಾರದಾನಕ್ಕೂ ಭೂಮಿ ಬಿಟ್ಟಿರುವುದು ಕಾಣುತ್ತದೆ. ಎಂದರೆ ದೇಹವುಳ್ಳ ಜೀವರ ಆರೈಕೆಯು ಬಸದಿಯ ಖರ್ಚಿನ ಬಾಬುಗಳಲ್ಲಿ ಹಿಂದಿನಿಂದಲೂ ಇತ್ತು. ಆ ಬಾಬನ್ನು ಇಂದಿನ ಅಗತ್ಯಕ್ಕೆ ತಕ್ಕಂತೆ ವಿಸ್ತರಿಸುವುದು ಹೊಸ ಪದ್ಧತಿಯಾಗುವುದಿಲ್ಲ.

ಮಾಡಬಹುದಾದುದು ದೊಡ್ಡದೇನಲ್ಲ. ಪ್ರತಿಯೊಂದು ಬಸದಿಯ ಟ್ರಸ್ಟೂ ಹಾಸಿಗೆ ಹಿಡಿದವರಿರುವ ಮನೆಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಲಿ, ಮಂದಿರದ ಯಾವ ಧರ್ಮವೆಂದು ಕೇಳದೆ ನೆರೆಹೊರೆಯವರನ್ನೂ ಅದರಲ್ಲಿ ಸೇರಿಸಲಿ. ಸರದಿಯಂತೆ ಇಬ್ಬಿಬ್ಬರು ದಿನಕ್ಕೊಂದು ಗಂಟೆ ಹೋಗಿ ಎತ್ತುವ, ಸ್ನಾನ ಮಾಡಿಸುವ ಕೆಲಸಕ್ಕೆ ಕೈಜೋಡಿಸಲಿ. ಹೆಣ್ಣುಮಕ್ಕಳ ಸೇವೆಗೆ ಹೆಣ್ಣುಮಕ್ಕಳೇ ಹೋಗಲಿ. ಗಾಲಿಕುರ್ಚಿ, ಎತ್ತರ ತಗ್ಗಿಸಬಹುದಾದ ಮಂಚ, ಊರುಗೋಲಿನ ಚೌಕಟ್ಟು, ಶೌಚದ ಕುರ್ಚಿ, ಗಾಳಿಹಾಸಿಗೆಗಳನ್ನು ಕೊಂಡಿಟ್ಟು ಬೇಕಾದವರಿಗೆ ಎರವಲು ಕೊಡಲಿ. ಪಂಚಕಲ್ಯಾಣದ ಪಾತ್ರೆಗಳಿಗೆ ಲೆಕ್ಕಪುಸ್ತಕವಿರುವಂತೆ ಇವಕ್ಕೂ ಒಂದು ಲೆಕ್ಕಪುಸ್ತಕ ಸಾಕು. ದಶಲಕ್ಷಣ ಪರ್ವದ ಒಂದು ಮಧ್ಯಾಹ್ನವನ್ನು ಭೌತಚಿಕಿತ್ಸಕರೊಬ್ಬರಿಂದ ಎತ್ತುವ ಕ್ರಮವನ್ನು ಕಲಿಯಲು ಮೀಸಲಿಡಲಿ. ತ್ಯಾಗಿಗಳ ವಿಹಾರಕಾಲದಲ್ಲಿ ವೃದ್ಧ ಮುನಿಗಳ ಸೇವೆಗೆ ನಿಲ್ಲುವ ಯುವಕರಿಗೂ ಇದೇ ಕಲಿಕೆ ಬೇಕು.

ಮನೆಯ ಹಿರಿಯರಲ್ಲಿಯೂ ಒಂದು ಮಾತು. ಇನ್ನೊಬ್ಬರ ಕೈ ಬೇಡವೆಂದು, ನಾಚಿಕೆಯಿಂದ, ಒಬ್ಬಳೇ ಸೊಸೆಯನ್ನು ಕರೆಯುವ ಹಟ ನಮ್ಮಲ್ಲಿ ಅನೇಕರಿಗಿದೆ. ಸೇವೆಯನ್ನು ಪಡೆಯುವುದರಲ್ಲಿಯೂ ಅಹಿಂಸೆ ಇದೆ. ಇಬ್ಬರು ಬಂದರೆ ಇಬ್ಬರನ್ನೂ ಸ್ವೀಕರಿಸುವುದು, ಗಾಲಿಕುರ್ಚಿ ತಂದರೆ ಅವಮಾನವೆಂದು ತಿಳಿಯದಿರುವುದು ಆ ಅಹಿಂಸೆಯ ಭಾಗ.

ಬಾಲಚಂದ್ರ ಪಂಡಿತದೇವರ ಕಲ್ಲನ್ನು ನಿಲ್ಲಿಸಿದವರು ಒಬ್ಬ ದಾನಿಯಲ್ಲ, ಒಂದು ಊರಿನ ಭವ್ಯಜನ. ಕಲ್ಲು ನಿಲ್ಲಿಸುವುದಕ್ಕೆ ಊರೆಲ್ಲ ಕೂಡುವುದಾದರೆ, ಅದಕ್ಕೂ ಮೊದಲು, ಜೀವವಿರುವಾಗಲೇ, ದೇಹವನ್ನು ಎತ್ತುವುದಕ್ಕೆ ಮನೆಗಿಬ್ಬರಾದರೂ ಕೂಡಬೇಕು. ಈ ಸಂಚಿಕೆಯನ್ನು ಓದಿದ ಶ್ರಾವಕ ಶ್ರಾವಿಕೆಯರು ತಮ್ಮ ಬೀದಿಯಲ್ಲಿ ಒಬ್ಬರೇ ಸೇವೆ ಮಾಡುತ್ತಿರುವ ಮನೆ ಯಾವುದೆಂದು ವಿಚಾರಿಸಿ, ಅಲ್ಲಿಗೆ ಎರಡನೆಯವರಾಗಿ ಹೋಗಲಿ.